ಅಕ್ಕನ ಕಾರಿನ ಹಳದಿ ದೀಪ

ನನ್ನ ಗಂಡನನ್ನು ಊರಿನವರು ‘ತಡೀರಿ ಮೇಸ್ತ್ರಿ’ ಎಂದು ಕರೆಯುತ್ತಾರೆ. ಕಾರಿನ ಕಷ್ಟ ಹೇಳಿಕೊಂಡು ಯಾರೇ ಬರಲಿ, ಇವರ ಬಾಯಿಂದ ಮೊದಲು ಉದುರುವ ಮಾತು ಅದೊಂದೇ. ಬ್ರೇಕು ಕಿರುಗುಟ್ಟುತ್ತದೆ ಎಂದರೆ ‘ತಡೀರಿ’. ಹೊಗೆ ಬರುತ್ತದೆ ಎಂದರೆ ‘ತಡೀರಿ’. ಒಮ್ಮೆ ವೆಲ್ಡಿಂಗ್ ಮಾಡುವಾಗ ಒಬ್ಬರು, ‘ಮೇಸ್ತ್ರಿ, ನಿಮ್ಮ ಪ್ಯಾಂಟಿಗೆ ಕಿಡಿ ಹಾರಿದೆ’ ಎಂದಾಗಲೂ ಅಭ್ಯಾಸಬಲದಿಂದ ‘ತಡೀರಿ’ ಎಂದರು. ಆಮೇಲೆ ಅವರು ಕುಣಿದದ್ದನ್ನು ಇಡೀ ಬೀದಿ ನೋಡಿತು. ಮೊದಲ ಸಲ ನಮ್ಮ ಮನೆಗೆ ಬಂದ ದಿನ ನನ್ನಪ್ಪ, ‘ಹುಡುಗಿ ಒಪ್ಪಿಗೆಯಾ?’ ಎಂದು ಕೇಳಿದ್ದಕ್ಕೂ ‘ತಡೀರಿ’ ಎಂದು ತಲೆ ಎತ್ತಿ ನಮ್ಮ ಫ್ಯಾನನ್ನೇ ನೋಡುತ್ತ ಕೂತಿದ್ದರು. ಫ್ಯಾನಿನ ಬೇರಿಂಗು ಸವೆದಿತ್ತಂತೆ. ಅದನ್ನು ಬಿಚ್ಚಿ, ಸರಿ ಮಾಡಿ, ಕೈ ತೊಳೆದುಕೊಂಡು ಬಂದ ಮೇಲೆ ಒಪ್ಪಿಗೆ ಎಂದರು. ಇಪ್ಪತ್ತಾರು ವರ್ಷವಾಯಿತು. ಆ ಫ್ಯಾನು ಇನ್ನೂ ತಿರುಗುತ್ತಿದೆ, ನನ್ನ ತಲೆಯೂ ತಿರುಗುತ್ತಿದೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮದೊಂದು ತಗಡಿನ ಶೆಡ್ಡು. ಎಡಗಡೆ ಕಾರಿನ ಕೆಳಗಿಳಿದು ಕೆಲಸ ಮಾಡುವ ಗುಂಡಿ, ಬಲಗಡೆ ಕಿಟಕಿಯ ಬೆಳಕಿಗೆ ನನ್ನ ಹೊಲಿಗೆ ಯಂತ್ರ. ನಾನು ಕಾರಿನ ಸೀಟುಗಳಿಗೆ ಕವರ್ ಹೊಲಿಯುತ್ತೇನೆ. ಜೊತೆಗೆ ಇವರ ಕಣ್ಣಿನ ಕೆಲಸವೂ ನನ್ನದೇ. ಐವತ್ತನಾಲ್ಕು ವರ್ಷವಾದರೂ ಕನ್ನಡಕ ಹಾಕಿಕೊಳ್ಳಲು ಇವರಿಗೆ ಬಿಗುಮಾನ. ಹಾಗಾಗಿ ಕಾರಿಗೆ ಸಿಕ್ಕಿಸುವ ಸ್ಕ್ಯಾನರ್ ಯಂತ್ರದ ಪುಟ್ಟ ಪರದೆಯಲ್ಲಿ ಏನು ಬಂದಿದೆ ಎಂದು ಓದಿ ಹೇಳುವವಳು ನಾನು. ಕೇಳುವುದಕ್ಕೆ ಮಾತ್ರ ಯಾರೂ ಬೇಡ. ಒಂದು ಮೊಳ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಆಡಿಸಿದರೆ, ಯಾವ ಮೂಲೆಯಲ್ಲಿ ಯಾವ ನಟ್ಟು ಸಡಿಲವಾಗಿದೆ ಎಂದು ಹೇಳಿಬಿಡುತ್ತಾರೆ. ನಾನು ಪಕ್ಕದಲ್ಲೇ ನಿಂತು ಕೂಗಿದ್ದು ಮಾತ್ರ ಅದೇ ಕಿವಿಗೆ ಕೇಳಿಸುವುದಿಲ್ಲ.

ಕೆಲಸದಲ್ಲಿ ಇವರದೊಂದು ಪಟ್ಟು. ಬಿಚ್ಚಿದ ಹಳೆಯ ಭಾಗವನ್ನು ಕಾರಿನವರ ಕೈಗೆ ಕೊಟ್ಟು, ಎಲ್ಲಿ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಬೇಕು. ತೋರಿಸಲು ಆಗದಿದ್ದರೆ ಬದಲಾಯಿಸಕೂಡದು. ‘ಊಹೆ ಮೇಲೆ ಪಾರ್ಟು ಬದಲಾಯಿಸೋನು ಮೇಸ್ತ್ರಿ ಅಲ್ಲ, ಅಂಗಡಿಯವನು’ ಎನ್ನುತ್ತಾರೆ. ಮೂವತ್ತು ವರ್ಷ ಈ ಪಟ್ಟನ್ನು ಬಿಟ್ಟವರಲ್ಲ. ಬಿಟ್ಟದ್ದು ಒಂದೇ ಕಾರಿಗೆ. ಅದು ಇವರ ಅಕ್ಕನ ಕಾರು.

ಅಕ್ಕ ಎಂದರೆ ಇವರ ಒಡಹುಟ್ಟಿದ ಅಕ್ಕ, ಇವರಿಗಿಂತ ಐದು ವರ್ಷಕ್ಕೆ ದೊಡ್ಡವರು. ನನಗೆ ಅತ್ತಿಗೆಯಾಗಬೇಕು, ಆದರೆ ಇವರು ಅಕ್ಕ ಅಕ್ಕ ಎನ್ನುವುದನ್ನು ಕೇಳಿ ಕೇಳಿ ನನ್ನ ಬಾಯಲ್ಲೂ ಅಕ್ಕ ಎಂದೇ ಬರುತ್ತದೆ. ಅವರ ಗಂಡ ಭಾವ. ಅಕ್ಕ ನಗರಸಭೆಯ ಈಜುಕೊಳದಲ್ಲಿ ಈಜು ಕಲಿಸುತ್ತಾರೆ. ಕೊರಳಲ್ಲಿ ಸೀಟಿ ನೇತಾಡುತ್ತದೆ, ಆದರೆ ಅದನ್ನು ಊದುವ ಅಗತ್ಯ ಬಿದ್ದದ್ದನ್ನು ನಾನು ಕಂಡಿಲ್ಲ, ಆ ಗಂಟಲೇ ಸಾಕು. ಬೆಳಿಗ್ಗೆ ಆರಕ್ಕೆ ಅವರ ಮೊದಲ ತರಗತಿ ಮಂಡಿ ಹಿಡಿದುಕೊಂಡ ಮೂವರು ಅಜ್ಜಿಯರದ್ದು. ನೆಲದ ಮೇಲೆ ನಾಲ್ಕು ಹೆಜ್ಜೆ ಇಡಲಾರದ ಆ ಮೂವರನ್ನು ಅಕ್ಕ ಮನೆಮನೆಗೆ ಹೋಗಿ ಕಾರಿಗೆ ಹತ್ತಿಸಿಕೊಂಡು ಬಂದು, ಎದೆಮಟ್ಟದ ನೀರಿನಲ್ಲಿ ನಡೆಸುತ್ತಾರೆ. ನೀರಿನಲ್ಲಿ ಅವರು ನಡೆಯುವುದೇನು, ಓಡುತ್ತಾರೆ. ಆ ಹೊತ್ತಿಗೆ ಊರಲ್ಲಿ ಬಸ್ಸಿಲ್ಲ. ಕಾರಿದ್ದರೆ ತರಗತಿ, ಇಲ್ಲದಿದ್ದರೆ ಮೂವರೂ ಹಾಸಿಗೆಯಲ್ಲಿ.

ಒಂಬತ್ತು ವರ್ಷದ ಹಿಂದೆ ಅಕ್ಕ ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರು. ತಮ್ಮನಿಗೆ ಒಂದು ಮಾತೂ ಹೇಳಲಿಲ್ಲ. ಇವನಿಗೆ ಅಚ್ಚರಿಯಾಗಲಿ ಎಂಬ ಆಸೆಯಿಂದ ನೇರ ನಮ್ಮ ಶೆಡ್ಡಿಗೇ ಓಡಿಸಿಕೊಂಡು ಬಂದು, ಹಾರ್ನು ಹೊಡೆದು ಇಳಿದರು. ಆ ದಿನ ಶೆಡ್ಡಿನಲ್ಲಿ ಆರೇಳು ಗಿರಾಕಿಗಳಿದ್ದರು. ಊರಿನ ಕಾರನ್ನೆಲ್ಲ ನೋಡಿ ಕೊಡುವ ನನ್ನನ್ನು ಸ್ವಂತ ಅಕ್ಕ ಕೇಳಲಿಲ್ಲವಲ್ಲ ಎಂದು ಇವರಿಗೆ ಎಲ್ಲಿತ್ತೋ ಸಿಟ್ಟು, ಕಾರಿನ ಸುತ್ತ ಒಂದು ಸುತ್ತು ಬಂದು, ಅಷ್ಟೂ ಜನರ ಎದುರಿಗೆ, ‘ಈ ಡಬ್ಬ ಮೂರು ತಿಂಗಳು ಓಡಲ್ಲ’ ಎಂದುಬಿಟ್ಟರು. ಆ ಒಂದು ದಿನ ‘ತಡೀರಿ’ ಎನ್ನಬೇಕಿತ್ತು, ಅನ್ನಲಿಲ್ಲ ನೋಡಿ. ಅಕ್ಕನ ಮುಖ ಸಣ್ಣಗಾಯಿತು. ‘ಓಡಿಸಿ ತೋರಿಸ್ತೀನಿ, ಇನ್ನು ನಿನ್ನ ಮುಖ ನೋಡಲ್ಲ’ ಎಂದರು. ಇವರೂ ಸುಮ್ಮನಿರದೆ, ‘ಆ ಡಬ್ಬ ನಿಂತಿರೋ ಅಂಗಳಕ್ಕೆ ನಾನು ಕಾಲಿಡಲ್ಲ’ ಎಂದರು. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಹಠದಲ್ಲಿ ತೂಕ ಹಾಕಿದರೆ ತಕ್ಕಡಿ ಆಚೀಚೆ ಅಲುಗುವುದಿಲ್ಲ.

ಕಾರು ಮೂರು ತಿಂಗಳಲ್ಲ, ಒಂಬತ್ತು ವರ್ಷ ಓಡಿತು. ಓಡಿಸಿದ್ದು ಯಾರು ಅಂದುಕೊಂಡಿರಿ? ನಮ್ಮವರೇ. ಅಕ್ಕ ಭಾವನಿಗೆ, ‘ಯಾವುದಾದ್ರೂ ಗ್ಯಾರೇಜಿಗೆ ತಗೊಂಡು ಹೋಗಿ’ ಎನ್ನುವರು. ಭಾವ ಊರಿನಲ್ಲಿ ಇರುವುದೇ ಒಂದು ಗ್ಯಾರೇಜು ಎಂಬಂತೆ ಸೀದಾ ಇಲ್ಲಿಗೆ ಬರುವರು. ಭಾವ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು; ಗಟ್ಟಿಯಾಗಿ ಮಾತಾಡುವುದು ಅವರಿಗೆ ಗೊತ್ತಿಲ್ಲ, ಕಾರನ್ನೂ ಸದ್ದಾಗದ ಹಾಗೆ ಓಡಿಸುತ್ತಾರೆ. ಇವರು ಕಾರನ್ನು ಸರಿ ಮಾಡಿ, ಒರೆಸಿ, ಎಣ್ಣೆ ಬದಲಾಯಿಸಿ, ‘ಇದು ಇನ್ನು ಜಾಸ್ತಿ ದಿನ ಬರಲ್ಲ ಭಾವ’ ಎಂದು ಹೇಳಿ ಕಳಿಸುವರು. ಹೇಳುವುದು ಒಂದು, ಕೈ ಮಾಡುವುದು ಇನ್ನೊಂದು. ಸಂಜೆಯೊಳಗೆ ಕಾರು ವಾಪಸ್ಸು ಹೋಗಲೇಬೇಕು, ಒಂದು ರಾತ್ರಿಯೂ ಇಲ್ಲಿ ನಿಲ್ಲಕೂಡದು; ಅದು ಅಕ್ಕನ ಕಟ್ಟಪ್ಪಣೆ.

ನಾನು ಆಗಾಗ ಅಕ್ಕನಿಗೆ ಫೋನು ಮಾಡುತ್ತಿದ್ದೆ. ಬಿಸಿಲು, ಹಲ್ಲುನೋವು, ಈಜುಕೊಳದ ಪಾಚಿ ಎಲ್ಲದರ ಬಗ್ಗೆಯೂ ಮಾತಾಡುವರು. ‘ನಿಮ್ಮ ತಮ್ಮ’ ಎನ್ನುವ ಪದ ನನ್ನ ನಾಲಿಗೆಯ ತುದಿಗೆ ಬಂತೋ ಇಲ್ಲವೋ, ‘ಕುಕ್ಕರ್ ಕೂಗ್ತಿದೆ’ ಎಂದು ಇಟ್ಟುಬಿಡುವರು. ಬೆಳಿಗ್ಗೆ ಮಾಡಿದರೂ ಕುಕ್ಕರ್, ಮಧ್ಯಾಹ್ನ ಮಾಡಿದರೂ ಕುಕ್ಕರ್. ಆ ಮನೆಯಲ್ಲಿ ಇರುವವರು ಇಬ್ಬರೇ, ಅಷ್ಟೊಂದು ಏನು ಬೇಯಿಸುತ್ತಿದ್ದರೋ ನನಗೆ ಗೊತ್ತಿಲ್ಲ.

ಈ ವರ್ಷ ಕಾರಿನಲ್ಲಿ ಹಳದಿ ದೀಪ ಹತ್ತಿತು. ಹಳೆಯ ಕಾರಾದರೂ ಅದಕ್ಕೂ ಒಂದು ಪುಟ್ಟ ಕಂಪ್ಯೂಟರ್ ಇದೆ. ಹೊಗೆಯಲ್ಲಿ ಏನೋ ಏರುಪೇರಾಗಿದೆ ಎನಿಸಿದರೆ ಸ್ಟೇರಿಂಗಿನ ಹಿಂದೆ ಎಂಜಿನ್ನಿನ ಆಕಾರದ ದೀಪ ಹತ್ತಿಸುತ್ತದೆ. ಭಾವ ಬಂದು, ‘ಏನೋ ಒಂದು ದೀಪ ಬಂದಿದೆಯಪ್ಪ, ನೋಡೋಕೆ ಚೆನ್ನಾಗಿದೆ’ ಎಂದರು. ಸ್ಕ್ಯಾನರ್ ಹಾಕಿದೆವು. ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂಬ ದೋಷದ ಸಂಖ್ಯೆ ಬಂತು. ಓದಿ ಹೇಳಿದೆ. ‘ಅಳಿಸು’ ಎಂದರು. ಅಳಿಸಿದೆ, ದೀಪ ಆರಿತು. ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿರಬೇಕು ಎಂದು ಹುಡುಕಿದರು. ಹೊಗೆ ಹಾಯಿಸಿ ಕೊಳವೆಗಳನ್ನೆಲ್ಲ ಪರೀಕ್ಷಿಸಿದರು. ಒಂದು ಕೂದಲೆಳೆಯಷ್ಟು ಸೋರಿಕೆಯೂ ಇಲ್ಲ. ಪರದೆಯ ಮೇಲಿನ ಅಂಕಿಗಳೆಲ್ಲ ಬೇಕಾದಲ್ಲೇ ಇದ್ದವು. ಕಾರು ಹೋಯಿತು. ಮೂರನೆಯ ದಿನ ದೀಪ ಹತ್ತಿತು, ಭಾವ ಬಂದರು.

ಆಮೇಲೆ ಇದೇ ಆಯಿತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ಮೂಸಿ ಹೇಳುವ ಸೆನ್ಸರ್ ಬದಲಾಯಿಸಿದರು. ಮೂರನೆಯ ದಿನ ದೀಪ. ಗಾಳಿಯ ಕೊಳವೆ ಬದಲಾಯಿಸಿದರು. ನಾಲ್ಕನೆಯ ದಿನ ದೀಪ. ಸ್ಪಾರ್ಕ್ ಪ್ಲಗ್ಗು, ಪೆಟ್ರೋಲ್ ಫಿಲ್ಟರ್, ಕೊನೆಗೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಬಿಚ್ಚಿದ ಭಾಗಗಳನ್ನು ಭಾವನ ಕೈಗೆ ಕೊಡಲಿಲ್ಲ, ಎಲ್ಲಿ ಕೆಟ್ಟಿದೆ ಎಂದು ತೋರಿಸಲೂ ಇಲ್ಲ. ಕೆಟ್ಟಿದ್ದರೆ ತಾನೆ ತೋರಿಸುವುದು. ಒಂದು ಚೀಲಕ್ಕೆ ತುಂಬಿ ನನ್ನ ಹೊಲಿಗೆ ಯಂತ್ರದ ಕೆಳಗೆ ತುರುಕಿದರು. ‘ಅಂಗಡಿಯವರೇ, ಇವತ್ತೇನು ಬದಲಾಯಿಸ್ತೀರಿ?’ ಎಂದು ನಾನು ಒಂದು ದಿನ ಕೆಣಕಿದೆ. ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ನನ್ನ ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು, ಸಂಜೆಯವರೆಗೂ ಪೇಚಾಡಿದೆ.

ಭಾವ ಮಾತ್ರ ಪ್ರತಿ ವಾರ ಬಂದು, ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಫಿ ಕುಡಿಯುತ್ತ, ‘ಇವನ ಸೊಂಟ ಹೇಗಿದೆಯಮ್ಮ? ಸಕ್ಕರೆ ಪರೀಕ್ಷೆ ಮಾಡಿಸಿದನಾ? ಕೂದಲು ಉದುರಿದ ಹಾಗೆ ಕಾಣುತ್ತಲ್ಲ’ ಎಂದು ಒಂದೊಂದಾಗಿ ಕೇಳುವರು. ನಿವೃತ್ತರಾದವರಿಗೆ ಹೊತ್ತು ಹೋಗುವುದಿಲ್ಲ ಪಾಪ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ತಿಂಗಳ ಕೊನೆ ಬಂತು. ಇಪ್ಪತ್ತು ವರ್ಷ ದಾಟಿದ ಕಾರುಗಳು ಹೊಗೆ ತಪಾಸಣೆಯಲ್ಲಿ ಪಾಸಾದರೆ ಮಾತ್ರ ರಸ್ತೆಗೆ ಇಳಿಯಬಹುದು. ಆ ಹಳದಿ ದೀಪ ಹತ್ತಿದ್ದರೆ ತಪಾಸಣೆಯವರು ಹೊಗೆಯ ಕೊಳವೆಯನ್ನೂ ಮುಟ್ಟುವುದಿಲ್ಲ, ಅಲ್ಲಿಗೇ ಫೇಲು. ರೋಗ ಒಳಗೇ ಇಟ್ಟುಕೊಂಡು, ದೀಪವನ್ನಷ್ಟೇ ಅಳಿಸಿ ಮೋಸದಿಂದ ಪಾಸು ಮಾಡಿಸುವುದು ಇವರ ಜಾಯಮಾನದಲ್ಲೇ ಇಲ್ಲ. ಅಕ್ಕನ ಕಾರಿಗೆ ಶನಿವಾರ ಕೊನೆಯ ದಿನ. ಫೇಲಾದರೆ ಗುಜರಿಗೇ.

ಆಗ ನನಗೊಂದು ವಿಷಯ ಹೊಳೆಯಿತು. ಕಾರು ಗುಜರಿಗೆ ಹೋದರೆ ನಮ್ಮವರು ಹೇಳಿದ್ದೇ ನಿಜವಾಗುತ್ತದೆ. ಒಂಬತ್ತು ವರ್ಷ ತಡವಾದರೇನು, ‘ನಾನು ಹೇಳ್ಲಿಲ್ವಾ’ ಎಂದು ಮೀಸೆ ತಿರುವಬಹುದು. ಆದರೆ ಮಂಗಳವಾರ ಬೆಳಿಗ್ಗೆ ಇವರು ಹಲ್ಲುಜ್ಜುವ ಬ್ರಷ್ಷಿಗೆ ಕೈ ತೊಳೆಯುವ ಗ್ರೀಸ್ ಸೋಪು ಹಚ್ಚಿಕೊಂಡು ಬಾಯಿಗಿಟ್ಟುಕೊಂಡದ್ದನ್ನು ನೋಡಿದಾಗ ನನಗೆ ಗೊತ್ತಾಯಿತು. ಈ ಮನುಷ್ಯನಿಗೆ ಗೆಲ್ಲುವುದು ಬೇಡವಾಗಿತ್ತು. ಆ ಕಾರು ನಿಂತರೆ ಅಕ್ಕನ ಮನೆಗೂ ನಮಗೂ ಇದ್ದ ಒಂದೇ ಒಂದು ದಾರಿ ಮುಚ್ಚಿಹೋಗುತ್ತದೆ ಎಂದು ಇವರಿಗೆ ಗೊತ್ತಿತ್ತು.

ಆ ಮಂಗಳವಾರವೇ ಭಾವ ಮತ್ತೆ ಬಂದರು, ದೀಪದ ಸಮೇತ. ನಾನು ಸ್ಕ್ಯಾನರ್ ಸಿಕ್ಕಿಸಿದೆ.

‘ಅದೇ ನಂಬರಾ?’

‘ಅದೇ.’

‘ಅಳಿಸು.’

‘ಅಳಿಸು, ಅಳಿಸು ಅಂತೀರಿ. ಕೆಳಗೆ ಇನ್ನೂ ಏನೇನೋ ಬರೆದಿದೆ. ಪ್ರತಿಸಲ ಇರತ್ತೆ, ನೀವು ಓದೋಕೆ ಬಿಟ್ರೆ ತಾನೆ?’

‘ದೀಪ ಕಣ್ಣಿಗೆ ಚುಚ್ಚತ್ತೆ ಕಣೆ, ಮೊದಲು ಅಳಿಸು.’

ನಾನು ಅಳಿಸಲಿಲ್ಲ. ಇವರ ತಪ್ಪು ಅದೇ ಆಗಿತ್ತು. ಬೇರೆಯವರ ಕಾರಾಗಿದ್ದರೆ ದೀಪ ಹತ್ತಿದ ಕ್ಷಣದ ವಿವರವನ್ನೆಲ್ಲ ನನ್ನಿಂದ ಎರಡೆರಡು ಸಲ ಓದಿಸುತ್ತಿದ್ದರು. ಅಕ್ಕನ ಕಾರಿನಲ್ಲಿ ಮಾತ್ರ ಆ ದೀಪವನ್ನು ಕಂಡರೆ ಸಾಕು, ಅಳಿಸುವ ತನಕ ಜೀವ ತಡೆಯದು. ನಾನು ಬೆರಳಲ್ಲಿ ಪರದೆಯನ್ನು ಕೆಳಗೆ ಜಾರಿಸಿ ಗಟ್ಟಿಯಾಗಿ ಓದಿದೆ. ದೀಪ ಹತ್ತಿದಾಗ ಎಂಜಿನ್ನಿನ ಬಿಸಿ, ಮೂವತ್ತೆಂಟು. ವೇಗ, ಸೊನ್ನೆ. ಸ್ಟಾರ್ಟ್ ಆಗಿ ಆದ ಹೊತ್ತು, ಒಂದು ನಿಮಿಷ ನಲವತ್ತು ಸೆಕೆಂಡು.

‘ತಡಿ’ ಎಂದರು ಇವರು. ಈ ಸಲದ ‘ತಡಿ’ ಬೇರೆ ಥರ ಇತ್ತು. ಗುಂಡಿಯ ಅಂಚಿನಲ್ಲಿ ಕೂತುಬಿಟ್ಟರು.

‘ಮೂವತ್ತೆಂಟು ಅಂದ್ರೆ ಎಂಜಿನ್ ಇನ್ನೂ ತಣ್ಣಗಿದೆ. ಗಾಡಿ ಹೊರಟೇ ಇಲ್ಲ, ಮನೆ ಮುಂದೆ ನಿಂತಿದೆ. ಇಲ್ಲಿಗೆ ಬರೋ ಹೊತ್ತಿಗೆ ಅರ್ಧ ಗಂಟೆ ಓಡಿರತ್ತೆ, ಕಾದಿರತ್ತೆ. ಮೂರು ತಿಂಗಳಿಂದ ಗುಣವಾದ ರೋಗೀನ ನೋಡ್ತಾ ಕೂತಿದೀನಿ ನಾನು.’

‘ಹಾಗಾದ್ರೆ ಬೆಳಿಗ್ಗೆ ಅಲ್ಲಿಗೇ ಹೋಗಿ ನೋಡಬೇಕು’ ಎಂದೆ.

ಇವರು ಕೇಳಿಸದವರಂತೆ ಭಾವನ ಕಡೆ ತಿರುಗಿ, ‘ಭಾವ, ನಾಳೆ ಬೆಳಿಗ್ಗೆ ಅವಳು ಸ್ಟಾರ್ಟ್ ಮಾಡುವಾಗ ಬಾನೆಟ್ ತೆಗೆದು ಫೋನಲ್ಲಿ ಸದ್ದು ಹಿಡಿದು ಕಳಿಸಿ’ ಎಂದರು.

ಬುಧವಾರ ಬೆಳಿಗ್ಗೆ ಭಾವ ಕಳಿಸಿದ್ದನ್ನು ಕೇಳಿದೆವು. ಮೊದಲ ಅರ್ಧ ನಿಮಿಷ ಭಾವನ ಕೆಮ್ಮು. ಆಮೇಲೆ, ಫೋನಿನಲ್ಲಿ ಸದ್ದು ಹಿಡಿಯುವಾಗಲೂ ಪಿಸುಮಾತಿನಲ್ಲಿ, ‘ಈಗ ಕಾರಿನ ಎಡಭಾಗದಲ್ಲಿದ್ದೇನೆ’ ಎಂಬ ವಿವರಣೆ. ಒಂದು ನಾಯಿ. ಎಂಜಿನ್ನಿನ ಗುರ್ ಎನ್ನುವ ಸದ್ದು. ಅದರ ಮೇಲೆ ಅಕ್ಕನ ಗಂಟಲು: ‘ಏನ್ರೀ ಅದು, ಬಾನೆಟ್ ಒಳಗೆ ತಲೆ ಹಾಕ್ಕೊಂಡು ಯಾರ ಜೊತೆ ಮಾತಾಡ್ತಿದೀರಿ, ಸರೀರಿ ಆ ಕಡೆ.’ ಅಲ್ಲಿಗೆ ಮುಗಿಯಿತು.

ಇವರು ಮತ್ತೆ ಹಾಕಿದರು. ಇನ್ನೊಂದು ಸಲ ಹಾಕಿದರು. ನಾನು ಎಣಿಸಿದೆ, ಐದು ಸಲ.

‘ಏನಾದ್ರೂ ಗೊತ್ತಾಯ್ತಾ?’

‘ಭಾವ ಸದ್ದು ಸರಿಯಾಗಿ ಹಿಡಿದಿಲ್ಲ’ ಎಂದರು. ಐದು ಸಲವೂ ನಿಲ್ಲಿಸಿದ್ದು ಅಕ್ಕನ ಮಾತು ಮುಗಿದ ಮೇಲೆಯೇ ಎಂಬುದನ್ನು ನಾನು ನೋಡಿದ್ದೆ. ಒಂಬತ್ತು ವರ್ಷದಿಂದ ಆ ದನಿ ಇವರ ಕಿವಿಗೆ ಬಿದ್ದಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ‘ನಾಳೆ ಐದಕ್ಕೆ ವ್ಯಾನು ತೆಗೀತೀನಿ. ಬಂದ್ರೆ ಬನ್ನಿ, ಇಲ್ಲಾಂದ್ರೆ ನಾನೇ ಹೋಗಿ ಆ ಕೊಳವೇನ ನನ್ನ ಕಿವೀಗೆ ಇಟ್ಕೊಂಡು ಬರ್ತೀನಿ’ ಎಂದೆ. ನನ್ನ ಕಿವಿಯ ಮೇಲೆ ಇವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಟಾರ್ಚು ಹಿಡಿದು ವ್ಯಾನಿನ ಪಕ್ಕದಲ್ಲಿ ನಿಂತಿದ್ದರು.

ಅಕ್ಕನ ಮನೆಯ ಗೇಟಿನ ತನಕ ಏನೂ ತೊಂದರೆಯಾಗಲಿಲ್ಲ. ಗೇಟಿನ ಹತ್ತಿರ ಇವರು ಗೂಟ ಹೊಡೆದಂತೆ ನಿಂತರು. ಕಾರು ಅಂಗಳದೊಳಗೆ ಇತ್ತು.

‘ಅಂಗಳಕ್ಕೆ ಕಾಲಿಡಲ್ಲ ಅಂದಿದೀನಿ.’

‘ಹಾಗಾದ್ರೆ ಹಾರಿಕೊಂಡು ಹೋಗ್ತೀರಾ?’

‘ಕಾರನ್ನೇ ಬೀದಿಗೆ ತಳ್ಳಿ. ಸ್ಟಾರ್ಟ್ ಮಾಡಬೇಡಿ, ತಣ್ಣಗೇ ಇರಬೇಕು.’

ಹೀಗೆ ಆ ಬೆಳಗಿನ ಜಾವ ನಾನೂ ಭಾವನೂ ಏದುಸಿರು ಬಿಡುತ್ತ ಕಾರು ತಳ್ಳಿದೆವು. ಒಬ್ಬರಿಗೆ ಅರವತ್ಮೂರು, ಇನ್ನೊಬ್ಬಳಿಗೆ ಐವತ್ತು. ಮಾತು ಉಳಿಸಿಕೊಳ್ಳುವವರು ಗೇಟಿನಾಚೆ ನಿಂತು ‘ಎಡಕ್ಕೆ, ಸ್ವಲ್ಪ ಎಡಕ್ಕೆ’ ಎನ್ನುತ್ತಿದ್ದರು. ಅಷ್ಟರಲ್ಲಿ ಬಾಗಿಲು ತೆರೆದು ಅಕ್ಕ ಹೊರಗೆ ಬಂದರು, ಕೊರಳಲ್ಲಿ ಸೀಟಿ, ತೋಳಲ್ಲಿ ತೇಲುವ ಹಲಗೆಗಳ ಚೀಲ. ತನ್ನ ಕಾರನ್ನು ಯಾರೋ ತಳ್ಳಿಕೊಂಡು ಹೋಗುತ್ತಿರುವುದನ್ನು ಕಂಡರು. ಆಮೇಲೆ ತಮ್ಮನನ್ನು ಕಂಡರು. ಅಲ್ಲೇ ನಿಂತರು. ಮಾತು ನನ್ನ ಜೊತೆಗೆ ಶುರುವಾಯಿತು.

‘ಇಷ್ಟು ಹೊತ್ತಿಗೆ ಏನಮ್ಮ?’

‘ಕಾರು ನೋಡೋಕೆ ಬಂದ್ವಿ ಅಕ್ಕ.’

‘ನೋಡಲಿ. ಯಾರು ಬೇಡ ಅಂದ್ರು?’

‘ಸ್ಟಾರ್ಟ್ ಮಾಡೋಕೆ ಹೇಳು’ ಎಂದರು ಇವರು ನನಗೆ.

‘ಮಾಡ್ತೀನಿ ಅಂತ ಹೇಳು’ ಎಂದರು ಅಕ್ಕ ನನಗೆ.

ಇಬ್ಬರ ನಡುವೆ ಎರಡು ಮಾರು ದೂರವಿಲ್ಲ. ನಾನು ಯಾರಿಗೂ ಏನೂ ಹೇಳದೆ ಸೊಂಟ ಹಿಡಿದುಕೊಂಡು ನಿಂತೆ. ಅಕ್ಕ ಬಂದು ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು.

ಟಿಕ್ ಟಿಕ್ ಟಿಕ್ ಟಿಕ್. ಕೊಳವೆಯೇ ಬೇಡ, ನನಗೂ ಕೇಳಿಸಿತು. ಇವರು ಬಾನೆಟ್ಟಿನೊಳಗೆ ಬಗ್ಗಿ, ರಬ್ಬರ್ ಕೊಳವೆಯನ್ನು ಕಿವಿಗಿಟ್ಟು ಎಂಜಿನ್ನಿನಿಂದ ಹೊಗೆ ಹೊರಗೆ ಬರುವ ಬೀಡು ಕಬ್ಬಿಣದ ಕೊಳವೆಯ ಮೇಲೆ ಇಂಚು ಇಂಚಾಗಿ ಆಡಿಸಿದರು. ಮೂಲೆಯ ಒಂದು ಬಾಗಿನಲ್ಲಿ ಕೈ ನಿಂತಿತು. ಟಾರ್ಚು ಬಿಟ್ಟು ನೋಡಿದರು. ಕಪ್ಪು ಮಸಿಯ ಗೆರೆಯೊಂದು, ಉಗುರಿನಷ್ಟು ಉದ್ದ. ಎರಡು ನಿಮಿಷ ಕಳೆಯಿತು, ಮೂರಾಯಿತು. ಕಬ್ಬಿಣದ ಕೊಳವೆ ಬಿಸಿಯಾಗುತ್ತ ಬಂದ ಹಾಗೆ ಟಿಕ್ ಟಿಕ್ ಸಣ್ಣದಾಯಿತು, ಆಮೇಲೆ ನಿಂತೇ ಹೋಯಿತು.

‘ಸೀಳು’ ಎಂದರು ಇವರು. ‘ತಣ್ಣಗಿದ್ದಾಗ ಬಿಟ್ಕೊಳ್ಳತ್ತೆ, ಹೊರಗಿನ ಗಾಳಿ ಎಳ್ಕೊಳ್ಳತ್ತೆ. ಸೆನ್ಸರ್ ಆ ಗಾಳೀನ ನೋಡಿ ಪೆಟ್ರೋಲು ಕಡಿಮೆ ಆಯ್ತು ಅಂತ ದೂರು ಕೊಡತ್ತೆ. ಕಾದ ಮೇಲೆ ಕಬ್ಬಿಣ ಹಿಗ್ಗಿ ಸೀಳು ಮುಚ್ಚಿಕೊಳ್ಳತ್ತೆ. ನನ್ನ ಹತ್ತಿರ ಬಂದಾಗ ಏನೂ ಇರಲ್ಲ.’ ಅಷ್ಟು ದಿನದ ಸಂಕಟ ಒಮ್ಮೆಗೇ ಇಳಿದು ಮುಖ ಅರಳಿತು. ಆ ಸಂತೋಷದಲ್ಲಿ ನನ್ನನ್ನು ಮರೆತು, ಸೀದಾ ಅಕ್ಕನನ್ನೇ ಕೇಳಿಬಿಟ್ಟರು. ‘ಈ ಸದ್ದು ಯಾವಾಗಿಂದ ಬರ್ತಿದೆ?’

‘ಮೂರು ತಿಂಗಳಿಂದ’ ಎಂದರು ಅಕ್ಕ.

‘ಕೇಳಿಸ್ತಿತ್ತಾ ನಿನಗೆ?’

‘ದಿನಾ ಬೆಳಿಗ್ಗೆ. ಕಿವುಡಿಯೇನೋ ನಾನು?’

‘ಭಾವನ ಹತ್ತಿರ ಒಂದು ಮಾತು ಹೇಳಿ ಕಳಿಸಬಾರದಾ? ತಣ್ಣಗಿದ್ದಾಗ ಟಿಕ್ ಅನ್ನತ್ತೆ ಅಂದಿದ್ರೆ ಅರ್ಧ ದಿನದ ಕೆಲಸ. ಐದು ಪಾರ್ಟು ಬದಲಾಯಿಸಿದೀನಿ. ಊಟ ಸೇರ್ತಿಲ್ಲ, ನಿದ್ದೆ ಇಲ್ಲ, ನನಗೆ ಕೆಲಸ ಮರೆತುಹೋಯ್ತು ಅಂತ ಅಂದ್ಕೊಂಡಿದ್ದೆ.’ ದನಿ ಏರುತ್ತ ಹೋಯಿತು. ಅಕ್ಕ ಕಾರಿನಿಂದ ಇಳಿದು ಮನೆಯ ಕಡೆ ತಿರುಗಿ ನಡೆದರು. ಇವರು ಬಿಡಲಿಲ್ಲ, ಟಾರ್ಚು ಆಡಿಸುತ್ತ, ಬೈಯುತ್ತ ಹಿಂದೆಯೇ ಹೋದರು. ಅಂಗಳದ ನಡುವೆ ನಿಂತು ಬೈಯುತ್ತಿದ್ದೇನೆ ಎಂಬುದು ಇವರಿಗೆ ಗೊತ್ತೇ ಆಗಲಿಲ್ಲ. ನಾನೂ ಭಾವನೂ ನೆನಪಿಸಲು ಹೋಗಲಿಲ್ಲ.

ಅಕ್ಕ ಗಕ್ಕನೆ ತಿರುಗಿದರು. ಈಜುಕೊಳದ ಆಚೆ ದಡಕ್ಕೂ ಮುಟ್ಟುವ ಆ ಗಂಟಲು ಅವತ್ತು ಮಾತ್ರ ಭಾವನ ಗಂಟಲಿನಷ್ಟೇ ಆಗಿತ್ತು.

‘ಹೇಳಿದ್ರೆ ಒಂದೇ ಸಲಕ್ಕೆ ಸರಿ ಮಾಡಿಬಿಡ್ತಿದ್ದೆ ಕಣೋ. ಮೊದಲೆಲ್ಲ ಇವರು ವರ್ಷಕ್ಕೆ ಎರಡು ಸಲ ನಿನ್ನ ಹತ್ತಿರ ಬರೋರು, ವರ್ಷಕ್ಕೆ ಎರಡೇ ಸಲ ನಿನ್ನ ಸುದ್ದಿ. ಈ ದೀಪ ಹತ್ತಿದ ಮೇಲೆ ವಾರ ವಾರ ಬರ್ತಿದೆ. ಸೊಂಟ ಹಿಡ್ಕೊಂಡಿದೆಯಂತೆ, ಸಕ್ಕರೆ ಪರೀಕ್ಷೆ ಮಾಡಿಸಿಲ್ಲವಂತೆ, ಎಲ್ಲ ಗೊತ್ತಾಗ್ತಿದೆ. ಏನೇನು ಕೇಳಬೇಕು ಅಂತ ನಾನೇ ಚೀಟಿ ಬರೆದು ಇವರ ಜೇಬಿಗೆ ಹಾಕಿ ಕಳಿಸ್ತಿದ್ದೆ. ಇನ್ನೂ ನಾಲ್ಕು ವಾರ ಇರಲಿ, ಇನ್ನೂ ಎರಡು ವಾರ ಇರಲಿ ಅಂತ ಮುಂದೂಡ್ತಾ ಬಂದೆ.’

ಇವರು ಟಾರ್ಚು ಆರಿಸಲು ಹೋಗಿ ಇನ್ನೂ ಜೋರಾಗಿ ಹತ್ತಿಸಿದರು. ಬೆಳಕು ಅಕ್ಕನ ಕಣ್ಣಿಗೆ ಬಿತ್ತು. ಅಕ್ಕ ಅಳುತ್ತಿದ್ದರು. ನಾನು ಮದುವೆಯಾಗಿ ಬಂದಂದಿನಿಂದ ನೋಡಿದ್ದರಲ್ಲಿ ಅದೇ ಮೊದಲು.

‘ಶನಿವಾರ ಕೊನೇ ದಿನ ಅಂತ ಗೊತ್ತಿತ್ತಾ ನಿನಗೆ?’ ಎಂದರು ಇವರು ಕೊನೆಗೆ, ಬಹಳ ಮೆಲ್ಲಗೆ.

‘ಗೊತ್ತಿತ್ತು. ಇವತ್ತು ಹೇಳಿ ಕಳಿಸೋಣ ಅಂತಿದ್ದೆ. ನಿನ್ನೆಯೂ ಹಾಗೇ ಅಂದ್ಕೊಂಡಿದ್ದೆ. ಸರಿ ಮಾಡೋ, ಅಜ್ಜಿಯರು ಚಪ್ಪಲಿ ಹಾಕ್ಕೊಂಡು ಕಾಯ್ತಿರ್ತಾರೆ.’

ಅವತ್ತು ಅಜ್ಜಿಯರನ್ನು ಕರೆದುಕೊಂಡು ಹೋದದ್ದು ನಮ್ಮ ವ್ಯಾನಿನಲ್ಲಿ, ಓಡಿಸಿದ್ದು ನಾನು. ಸೀಟಿನ ಮೇಲಿದ್ದ ನನ್ನ ಬಟ್ಟೆಯ ಥಾನುಗಳ ಮೇಲೆ ಮೂವರೂ ರಾಣಿಯರಂತೆ ಕೂತರು. ನಮ್ಮವರು ಅಕ್ಕನ ಕಾರನ್ನು ಶೆಡ್ಡಿಗೆ ತಂದು, ಎರಡು ರಾತ್ರಿ ಇಟ್ಟುಕೊಂಡರು, ಅಕ್ಕ ತುಟಿಪಿಟಕ್ಕೆನ್ನಲಿಲ್ಲ. ಗುಜರಿಯಲ್ಲಿ ಅದೇ ಜಾತಿಯ ಕಾರಿನಿಂದ ಗಟ್ಟಿಯಾದ ಕೊಳವೆ ಹುಡುಕಿ ತಂದು ಜೋಡಿಸಿದರು. ಶನಿವಾರ ಬೆಳಿಗ್ಗೆ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ಕೇಳಿದರು, ಸದ್ದಿಲ್ಲ. ತಪಾಸಣೆಯವರು ಹೊಗೆ ಅಳೆದು, ಈ ವಯಸ್ಸಿನ ಕಾರಿಗೆ ಇಷ್ಟು ಶುದ್ಧ ಹೊಗೆ ಹೇಗೆ ಎಂದು ಇನ್ನೊಂದು ಸಲ ಅಳೆದರಂತೆ. ಪಾಸು.

ಸಂಜೆ ಕಾರು ಒಯ್ಯಲು ಭಾವ ಬರಲಿಲ್ಲ. ಅಕ್ಕ ಒಬ್ಬರೇ ಬಸ್ಸಿನಲ್ಲಿ ಬಂದರು. ಇವರು ಒಡೆದ ಕೊಳವೆಯನ್ನು ಅವರ ಕೈಗೆ ಕೊಟ್ಟು, ಸೀಳಿನ ಮೇಲೆ ಬೆರಳಿಟ್ಟು ತೋರಿಸಿದರು. ಅಕ್ಕ ನೋಡಿದರು, ತಲೆಯಾಡಿಸಿದರು, ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಹಳದಿ ದೀಪ ಒಂದು ಕ್ಷಣ ಹತ್ತಿ ಆರಿತು. ಅದು ಇದ್ದ ಜಾಗವನ್ನೇ ನೋಡುತ್ತ ಅಕ್ಕ ಕೇಳಿದರು.

‘ಇನ್ನು ಹತ್ತಲ್ವಾ?’

‘ಹತ್ತಲ್ಲ.’

‘ಖಂಡಿತವಾಗಿ?’

‘ಖಂಡಿತ.’

ಅಕ್ಕ ಗೇರು ಹಾಕಿದರು. ಕಾರು ಶೆಡ್ಡಿನ ಬಾಗಿಲು ದಾಟತೊಡಗಿತು. ಈ ಮನುಷ್ಯ ಈಗಲೂ ಬಾಯಿ ಬಿಡದಿದ್ದರೆ ಕೈಯಲ್ಲಿದ್ದ ಕತ್ತರಿಯಿಂದಲೇ ಕುಟ್ಟುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಇವರು ಓಡಿಹೋಗಿ ಕಾರಿನ ಕಿಟಕಿ ಹಿಡಿದುಕೊಂಡರು.

‘ಬರೋ ಮಂಗಳವಾರ ಗಾಡಿ ತಗೊಂಡು ಬಾ ಅಕ್ಕ.’

‘ಯಾಕೋ? ಎಲ್ಲ ಸರಿಯಾಯ್ತು ಅಂದೆ. ಇನ್ನೇನು ಕೆಟ್ಟಿದೆ?’

‘ಏನೂ ಕೆಟ್ಟಿಲ್ಲ’ ಎಂದರು ಇವರು. ‘ನಿನ್ನನ್ನ ನೋಡಬೇಕು, ಅದಕ್ಕೆ.’

ಅಕ್ಕ ಎಂಜಿನ್ ಆರಿಸಿದರು. ಬೀದಿಯ ಅರ್ಧಕ್ಕೆ ಕಾರು ಅಡ್ಡ ನಿಂತಿತ್ತು, ಹಿಂದೆ ಎರಡು ಗಾಡಿಗಳವರು ಹಾರ್ನು ಹೊಡೆಯತೊಡಗಿದರು. ಇಬ್ಬರೂ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ನಾನೇ ಹೊರಗೆ ಬಂದು, ಆ ಗಾಡಿಯವರಿಗೆ ಕೈ ಮಾಡಿ, ಸುತ್ತಿಕೊಂಡು ಹೋಗಲು ಹೇಳಿದೆ.